ಮೆಲಿನಾಳನ್ನು ಬೆಂಕಿಗೆ ಬಿಡಬೇಕೆ, ಉಳಿಸಿಕೊಳ್ಳಬಹುದೆ?

ಪ್ರಶ್ನೆ: ನಮಸ್ಕಾರ. ನಮ್ಮದು ರಿಪ್ಪನ್‌ಪೇಟೆ ಹತ್ತಿರದ ಹಳ್ಳಿ. ಕೆಲಸ ಶಿವಮೊಗ್ಗದಲ್ಲಿ. ಶನಿವಾರ ಮನೆಗೆ ಬಂದರೆ ರಾತ್ರಿ ಕಂಪ್ಯೂಟರಿನಲ್ಲಿ ಎಲ್ಡನ್ ರಿಂಗ್ ಎಂಬ ವಿಡಿಯೋ ಗೇಮ್ ಆಡುತ್ತೇನೆ, ತಂಗಿ ಪಕ್ಕದಲ್ಲಿ ಕೂತು ನೋಡುತ್ತಾಳೆ. ಫೈರ್ ಜೈಂಟನ್ನು ಸೋಲಿಸಿ ಫೋರ್ಜ್ ಆಫ್ ದ ಜೈಂಟ್ಸ್ ಎಂಬ ಬೃಹತ್ ಕುಲುಮೆ ತಲುಪಿದ್ದೇನೆ, ಲೆವೆಲ್ 118. ದಾರಿಯಲ್ಲಿ ಶಬ್ರಿರಿ ಎಂಬವನು ಸಿಕ್ಕಿ, "ಮರ ಸುಡಬೇಕಾದರೆ ನಿನ್ನ ಜೊತೆಗಿರುವ ಹುಡುಗಿ ಬಲಿಯಾಗಬೇಕು, ಬೇಡವಾದರೆ ನೀನೇ ಆ ಬೆಂಕಿ ಪಡೆದುಕೋ" ಎಂಬರ್ಥದಲ್ಲಿ ಹೇಳಿದ. ಮರವೆಂದರೆ ಆಟದ ಮಹಾವೃಕ್ಷ ಎರ್ಡ್‌ಟ್ರೀ, ಹುಡುಗಿಯೆಂದರೆ ಮೊದಲಿಂದ ದಾರಿ ತೋರಿಸುತ್ತಿರುವ ಮೆಲಿನಾ. ತಂಗಿ ಅಂದಿನಿಂದ "ಅವಳನ್ನ ಸುಡಬೇಡ" ಅಂತ ಕೂತಿದ್ದಾಳೆ. ಸಾಗರದ ಗೆಳೆಯನ ಪ್ರಕಾರ ಮೆಲಿನಾ ಮೊದಲಿಂದಲೂ ನಮ್ಮನ್ನು ಬಳಸಿಕೊಂಡವಳು, ಅವಳು ಹೋದರೆ ಲೆವೆಲ್ ಏರಿಸುವುದೂ ನಿಲ್ಲುತ್ತದೆ. ಯೂಟ್ಯೂಬಿನಲ್ಲಿ ಒಬ್ಬರು ಅವಳೇ ಆಟದ ಹಳೆಯ ಕಥೆಯಲ್ಲಿ ಬರುವ ಗ್ಲೋಮ್-ಐಡ್ ಕ್ವೀನ್ ಎಂಬ ರಾಣಿ ಎನ್ನುತ್ತಾರೆ. ಇನ್ನೊಬ್ಬರು, ಶಬ್ರಿರಿ ಹೇಳಿದ ಆ ಬೆಂಕಿಯನ್ನು ಥ್ರೀ ಫಿಂಗರ್ಸ್ ಎಂಬ ಶಕ್ತಿಯಿಂದ ತಗೊಂಡು ಆಮೇಲೆ ಸೂಜಿಯಿಂದ ತೆಗೆಸಿಕೊಂಡರೆ ಮೆಲಿನಾ ವಾಪಸ್ ಬರುತ್ತಾಳೆ ಎನ್ನುತ್ತಾರೆ. ಯಾವುದು ನಿಜ? ಮಳೆ ಶುರುವಾದರೆ ಇಲ್ಲಿ ಕರೆಂಟಿನ ಭರವಸೆ ಇಲ್ಲ, ಇರುವುದು ಒಂದೇ ಸೇವ್. ಏನು ಮಾಡಲಿ?

ಉತ್ತರ: ಕುಲುಮೆಯ ಪಕ್ಕದ ಗ್ರೇಸ್ (ಆಟದಲ್ಲಿ ಕೂತು ವಿಶ್ರಮಿಸುವ ಜಾಗ) ಬಳಿ ಕೂತಾಗ ಮೆಲಿನಾ "ಮಹಾಪಾಪಕ್ಕೆ ಸಿದ್ಧವಿದ್ದೀಯಾ" ಎಂದು ಕೇಳುತ್ತಾಳೆ. ಸದ್ಯಕ್ಕೆ ಒಪ್ಪಬೇಡಿ, ಎದ್ದು ಬನ್ನಿ. ಅದರಿಂದ ಏನೂ ಕೆಡುವುದಿಲ್ಲ. ಈ ನಿರ್ಧಾರಕ್ಕೆ ಆಟದಲ್ಲಿ ಗಡುವು ಇಲ್ಲ, ಅವಳು ಬೇಸರಿಸಿಕೊಂಡು ಹೋಗುವುದೂ ಇಲ್ಲ. ಒಪ್ಪುವ ಮುಂಚೆ ಮಾಡಿಕೊಳ್ಳಬೇಕಾದ ಕೆಲಸಗಳಿವೆ, ಕೆಲವು ಆಮೇಲೆ ಸಾಧ್ಯವಾಗುವುದಿಲ್ಲ.

ನಿಮ್ಮ ಚಿಂತೆಯಲ್ಲಿ ಎರಡು ಪ್ರಶ್ನೆಗಳು ಸೇರಿಕೊಂಡಿವೆ. ಅವಳು ನಂಬಿಕೆಗೆ ಅರ್ಹಳೇ ಎಂಬುದು ಒಂದು, ಅವಳನ್ನು ಉಳಿಸಲು ಆಗುತ್ತದೆಯೇ ಎಂಬುದು ಇನ್ನೊಂದು. ಶಬ್ರಿರಿ ಇವೆರಡನ್ನೂ ಬೇಕೆಂದೇ ಬೆರೆಸಿ ನಿಮ್ಮ ಮುಂದಿಟ್ಟಿದ್ದಾನೆ. ಅವನ ಮಾತಿನಲ್ಲಿ ಅರ್ಧ ಸತ್ಯವಿದೆ, ಆದ್ದರಿಂದಲೇ ಅದು ನಾಟುತ್ತದೆ.

ಲೆವೆಲ್ಲಿನ ಮಾತು ಶುದ್ಧ ತಪ್ಪು. ಶತ್ರುಗಳನ್ನು ಕೊಂದು ಗಳಿಸುವ ರೂನ್‌ಗಳನ್ನು ಶಕ್ತಿಯಾಗಿ ಬದಲಿಸುವ ವ್ಯವಸ್ಥೆ ಮೆಲಿನಾಳಿಂದ ಶುರುವಾಗುತ್ತದೆ ನಿಜ. ಆದರೆ ಅವಳು ಸುಟ್ಟುಹೋದರೂ, ನಿಮ್ಮನ್ನು ಬಿಟ್ಟು ಹೊರಟರೂ ಗ್ರೇಸ್ ಬಳಿ ಲೆವೆಲ್ ಏರಿಸಬಹುದು. ಟೊರೆಂಟ್ ಕುದುರೆಯ ಸೀಟಿಯೂ ನಿಮ್ಮಲ್ಲೇ ಉಳಿಯುತ್ತದೆ.

"ಬಳಸಿಕೊಂಡಳು" ಎಂಬ ಆರೋಪ ಬಹಳ ಮಂದಿಯ ಬಾಯಲ್ಲಿದೆ, ಅದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಆಟ ಶುರುವಾಗುವ ಲಿಮ್‌ಗ್ರೇವ್ ಪ್ರದೇಶದಲ್ಲಿ ಅವಳು ಮೊದಲ ಸಲ ಎದುರಾದಾಗ ಹೇಳಿದ್ದನ್ನು ನೆನಪಿಸಿಕೊಳ್ಳಿ. ಟಾರ್ನಿಶ್ಡ್‌ಗೆ, ಅಂದರೆ ನಿಮ್ಮ ಪಾತ್ರದಂಥವರಿಗೆ, ದಾರಿ ತೋರಿಸಲು ಮೇಡನ್ ಎಂಬ ಸಂಗಾತಿ ಇರಬೇಕು, ನಿನಗೆ ಯಾರೂ ಇಲ್ಲ, ಆ ಪಾತ್ರವನ್ನು ನಾನು ವಹಿಸುತ್ತೇನೆ, ಬದಲಿಗೆ ನನ್ನನ್ನು ಎರ್ಡ್‌ಟ್ರೀಯ ಬುಡಕ್ಕೆ ಕರೆದೊಯ್ಯಿ ಎಂದಳು. ತಾನೇ ಮೇಡನ್ ಎಂದು ಹೇಳಿಕೊಳ್ಳಲಿಲ್ಲ. ಕೊಡುವುದೇನು, ಪಡೆಯುವುದೇನು ಎಂಬುದನ್ನು ಮೊದಲ ಭೇಟಿಯಲ್ಲೇ ಬಾಯಿಬಿಟ್ಟು ಹೇಳಿದಳು. ಅದೇ ಊರಿನ ಹಾಳು ಚರ್ಚಿನಲ್ಲಿ ಗಂಟೆ ಕೊಟ್ಟ ಮಾಟಗಾತಿ ತನ್ನ ಹೆಸರು ರೆನ್ನಾ ಎಂದದ್ದು ನೆನಪಿರಬೇಕು. ಅದು ಸುಳ್ಳು ಹೆಸರು, ಅವಳ ನಿಜವಾದ ಹೆಸರು ರಾನಿ. ಹೆಸರನ್ನೇ ಮರೆಮಾಚಿದ ರಾನಿಯನ್ನು ಆಟಗಾರರು ತಲೆಯ ಮೇಲೆ ಹೊತ್ತು ಕುಣಿಯುತ್ತಾರೆ, ಕರಾರು ಹೇಳಿಯೇ ಜೊತೆಯಾದ ಮೆಲಿನಾಳನ್ನು ಮೋಸಗಾತಿ ಎನ್ನುತ್ತಾರೆ. ನನಗಿದು ಸರಿ ಕಾಣುವುದಿಲ್ಲ.

ಹಾಗಾದರೆ ಅವಳು ಏನನ್ನೂ ಮುಚ್ಚಿಡಲಿಲ್ಲವೇ? ಮುಚ್ಚಿಟ್ಟಳು. ಸುಡುವುದು ತಾನೇ ಎಂದು ಮೊದಲು ಹೇಳಲಿಲ್ಲ. ಆದರೆ ಅವಳ ಮಾತುಗಳನ್ನು ಕ್ರಮವಾಗಿ ಕೇಳಿಸಿಕೊಂಡರೆ, ಆರಂಭದಲ್ಲಿ ಅವಳಿಗೇ ಇದು ಪೂರ್ತಿ ಗೊತ್ತಿರಲಿಲ್ಲ ಎಂದು ತಿಳಿಯುತ್ತದೆ. ಎರ್ಡ್‌ಟ್ರೀಯೊಳಗೆ ತಾಯಿ ತನಗೊಂದು ಕೆಲಸ ಒಪ್ಪಿಸಿದ್ದಳು, ಸುಟ್ಟು ದೇಹವಿಲ್ಲದೆಯೂ ತಾನು ಬದುಕಿರುವುದೇಕೆ ಎಂಬುದನ್ನೇ ಹುಡುಕುತ್ತಿದ್ದೇನೆ ಎಂದು ಅವಳು ಒಂದು ಗ್ರೇಸ್ ಬಳಿ ಹೇಳುತ್ತಾಳೆ. ಕುಲುಮೆಯ ಹೊತ್ತಿಗೆ ಮಾತು ಬದಲಾಗುತ್ತದೆ. ಕೆಲಸ ತಾಯಿ ಕೊಟ್ಟದ್ದೇ ಆದರೂ ಈಗ ಇದು ನನ್ನ ಸ್ವಂತ ತೀರ್ಮಾನ, ಇದರ ಬಗ್ಗೆ ಯಾರೂ ಹಗುರವಾಗಿ ಮಾತಾಡುವುದನ್ನು ಸಹಿಸುವುದಿಲ್ಲ, ನೀನಾದರೂ ಸರಿ ಎನ್ನುತ್ತಾಳೆ. ಇಡೀ ಆಟದಲ್ಲಿ ಅವಳು ದನಿ ಗಟ್ಟಿಮಾಡುವುದು ಇಲ್ಲೇ. ಬೇರೆಯವರು ಬರೆದಿಟ್ಟ ವಿಧಿಯನ್ನು ತನ್ನ ಆಯ್ಕೆಯಾಗಿ ಮಾಡಿಕೊಂಡವಳು ಅವಳು. ತಂಗಿಗೆ ಈ ಮಾತುಗಳನ್ನು ಓದಿ ಹೇಳಿ, ಆಮೇಲೆ ಇಬ್ಬರೂ ಕೂತು ತೀರ್ಮಾನಿಸಿ.

ಆ ಲೋಕವನ್ನು ಆಳಿದ ಮರಿಕಾ ರಾಣಿಯ ಮಾತುಗಳನ್ನು ಮೆಲಿನಾ ಒಪ್ಪಿಸುವ ಜಾಗಗಳನ್ನೂ ಬಿಡಬೇಡಿ. ಲಿಮ್‌ಗ್ರೇವ್‌ನ ಥರ್ಡ್ ಚರ್ಚ್ ಆಫ್ ಮರಿಕಾ ಅಂಥ ಒಂದು ಜಾಗ. ಗ್ರೇಸ್ ಬಳಿ ಕೂತಾಗ ಮೆಲಿನಾ ಜೊತೆ ಮಾತಾಡುವ ಆಯ್ಕೆ ಪಟ್ಟಿಯಲ್ಲಿ ಬರುತ್ತದೆ. ಅವಸರದಲ್ಲಿ ಲೆವೆಲ್ ಏರಿಸಿ ಎದ್ದುಬಿಡುವವರಿಗೆ ಅದು ಕಣ್ಣಿಗೇ ಬೀಳುವುದಿಲ್ಲ. ಅವಳು ಹೋದ ಮೇಲೆ ಈ ಮಾತುಗಳು ಸಿಗುವುದಿಲ್ಲ. ಅವುಗಳಲ್ಲಿ ಒಂದು, ಮರಿಕಾ ತನ್ನ ಮಕ್ಕಳಿಗೆ ಹೇಳಿದ್ದು: ಪ್ರಭುವಾಗಿ, ದೇವರಾಗಿ, ಏನು ಬೇಕಾದರೂ ಆಗಿ, ಏನೂ ಆಗದೆ ಹೋದರೆ ನೀವು ಬಲಿಗಷ್ಟೇ ಸಲ್ಲುವವರು. ಈ ಮಾತನ್ನು ಒಪ್ಪಿಸುವವಳೂ ಮೆಲಿನಾಳೇ. ಕುಲುಮೆಯ ಮುಂದೆ ನಿಂತು ಇದನ್ನು ನೆನೆದರೆ ಆಗುವ ಸಂಕಟವೇ ಬೇರೆ.

ಇಂಥ ಆಟಗಳಲ್ಲಿ ದಾರಿ ತೋರಿಸುವ ಪಾತ್ರಗಳು ಪೂರ್ತಿ ಮಾತಾಡದಿರುವುದಕ್ಕೆ ಕಾರಣವಿದೆ. ನಿರ್ದೇಶಕ ಹಿಡೆಟಾಕಾ ಮಿಯಾಜಾಕಿ ಬಾಲ್ಯದಲ್ಲಿ ತಮಗೆ ಪೂರ್ತಿ ಅರ್ಥವಾಗದ ಪುಸ್ತಕಗಳನ್ನು ಓದುತ್ತ, ಬಿಟ್ಟುಹೋದ ಜಾಗವನ್ನು ಕಲ್ಪನೆಯಿಂದ ತುಂಬಿಕೊಳ್ಳುತ್ತಿದ್ದರೆಂದು ಸಂದರ್ಶನದಲ್ಲಿ ಹೇಳಿದ್ದಾರೆ. ಅವರ ಸಂಸ್ಥೆ ಫ್ರಮ್‌ಸಾಫ್ಟ್‌ವೇರ್‌ನ ಆಟಗಳು ಕಥೆ ಹೇಳುವ ರೀತಿಯೇ ಅದು. 2009ರ ಡೀಮನ್ಸ್ ಸೋಲ್ಸ್‌ನ ಮೇಡನ್ ಇನ್ ಬ್ಲಾಕ್, 2016ರ ಡಾರ್ಕ್ ಸೋಲ್ಸ್ 3ರ ಫೈರ್ ಕೀಪರ್ ಇಬ್ಬರೂ ಆಟಗಾರನ ಶಕ್ತಿ ಹೆಚ್ಚಿಸುವ ಹೆಣ್ಣುಗಳು, ಇಬ್ಬರ ಕಣ್ಣುಗಳೂ ಮುಚ್ಚಿವೆ ಅಥವಾ ಮರೆಯಾಗಿವೆ. ಫೈರ್ ಕೀಪರಳಿಗೆ ಕಣ್ಣುಗಳನ್ನು ತಂದುಕೊಟ್ಟರೆ ಬೇರೆಯೇ ಅಂತ್ಯ ತೆರೆಯುತ್ತದೆ. ಮೆಲಿನಾಳ ಮುಚ್ಚಿದ ಎಡಗಣ್ಣು ಈ ಸಾಲಿಗೇ ಸೇರಿದ್ದು. ಇನ್ನು ನಿಜವಾಗಿ ಹಾದಿ ತಪ್ಪಿಸುವ ಮಾರ್ಗದರ್ಶಿ ಹೇಗಿರುತ್ತಾನೆ ಎಂದು ನೋಡಬೇಕಾದರೆ 2011ರ ಡಾರ್ಕ್ ಸೋಲ್ಸ್‌ನ ಫ್ರಾಂಪ್ಟ್ ಎಂಬ ಹಾವನ್ನು ನೋಡಿ. ಮಹಾಪ್ರಭುವಿನ ಉತ್ತರಾಧಿಕಾರಿ ನೀನೇ ಎಂದು ಹೊಗಳುತ್ತ ಕರೆದೊಯ್ಯುತ್ತದೆ, ಕೊನೆಗೆ ಉರುವಲಾಗುವವನು ನೀನೇ ಎಂಬುದನ್ನು ಮಾತ್ರ ಹೇಳುವುದಿಲ್ಲ. ಮೆಲಿನಾಳ ಕಥೆಯಲ್ಲಿ ಇದು ತಲೆಕೆಳಗಾಗಿದೆ. ಇಲ್ಲಿ ಉರುವಲಾಗುವವಳು ಮಾರ್ಗದರ್ಶಿಯೇ. ಕೊಡಚಾದ್ರಿಯ ಮಂಜಿನಲ್ಲಿ ಮುಂದೆ ನಡೆಯುವ ಊರಿನವರು ಕಾಲು ಎಲ್ಲಿಡಬೇಕೆಂದು ಹೇಳುತ್ತಾರೆ, ಮನೆಯ ಸಂಗತಿ ಹೇಳುವುದಿಲ್ಲ. ಅಷ್ಟಕ್ಕೇ ಅವರನ್ನು ಅನುಮಾನಿಸಲಾಗದು.

ಈಗ ಗ್ಲೋಮ್-ಐಡ್ ಕ್ವೀನ್ ಸಂಗತಿ. ಆಟದಲ್ಲಿರುವುದು ಇಷ್ಟು: ದೇವರನ್ನು ಕೊಲ್ಲುವ ಕಪ್ಪು ಜ್ವಾಲೆ ಒಬ್ಬ ರಾಣಿಯ ಕೈಯಲ್ಲಿತ್ತು, ಮರಿಕಾಳ ಸೇವಕ ಮಾಲಿಕೆತ್ ಅವಳನ್ನು ಸೋಲಿಸಿದ. ಗಾಡ್‌ಸ್ಲೇಯರ್ಸ್ ಗ್ರೇಟ್‌ಸ್ವೋರ್ಡ್ ಖಡ್ಗದ ವಿವರಣೆಯಲ್ಲಿ ಇದು ಸ್ಪಷ್ಟವಾಗಿದೆ. ನೀವು ಥ್ರೀ ಫಿಂಗರ್ಸ್ ಬೆಂಕಿ ಪಡೆದು ಅದೇ ಅಂತ್ಯ ಆರಿಸಿದರೆ, ಮೆಲಿನಾ ಬದುಕಿದ್ದಲ್ಲಿ, ಕೊನೆಯ ದೃಶ್ಯದಲ್ಲಿ ಎಡಗಣ್ಣು ತೆರೆದು, ಎಲ್ಲಿಗೆ ಹೋದರೂ ಹುಡುಕಿ ಬಂದು ನಿನಗೆ ವಿಧಿಸಿದ ಸಾವನ್ನು ಕೊಡುತ್ತೇನೆ ಎನ್ನುತ್ತಾಳೆ. ಆ ಕಣ್ಣಿನ ಬಣ್ಣ, ಆ ಮಾತು ಎರಡನ್ನೂ ಸೇರಿಸಿ ಜನ ಊಹೆ ಕಟ್ಟಿದ್ದಾರೆ. ಒಳ್ಳೆಯ ಊಹೆಯೇ, ಆದರೆ ಇಬ್ಬರೂ ಒಬ್ಬರೇ ಎಂದು ಆಟ ಎಲ್ಲಿಯೂ ಹೇಳಿಲ್ಲ. 2024ರ ಜೂನ್ 21ರಂದು ಬಂದ ಶ್ಯಾಡೋ ಆಫ್ ದ ಎರ್ಡ್‌ಟ್ರೀ ವಿಸ್ತರಣೆ ಬೇರೆ ಕಡೆಗೆ ಬೆರಳು ತೋರಿಸುತ್ತದೆ. ಮರಿಕಾಳ ಮಗ ಮೆಸ್ಮರ್‌ಗೆ ಒಬ್ಬ ತಂಗಿಯಿದ್ದಳು, ಅವನಂತೆ ಅವಳಿಗೂ ಬೆಂಕಿಯ ದರ್ಶನವಿತ್ತು ಎಂದು ಅದರ ವಸ್ತುವಿವರಣೆಯೊಂದು ಹೇಳುತ್ತದೆ. ಹೆಸರು ಹೇಳುವುದಿಲ್ಲ. ಮೆಲಿನಾ ಮರಿಕಾಳ ಮಗಳು ಎನ್ನಲು ಇದು ಬಲವಾದ ಆಧಾರ. ಹಳೆಯ ರಾಣಿ ಎನ್ನಲು ಅಷ್ಟು ಆಧಾರವಿಲ್ಲ. ಅವಳು ಕೆಟ್ಟವಳೇ ಎಂಬ ಪ್ರಶ್ನೆಗಂತೂ ಇದ್ಯಾವುದೂ ಉತ್ತರವಲ್ಲ.

ಈಗ ದಾರಿಗಳು. ನಿಮ್ಮ ಮುಂದೆ ಇರುವುದು ಮೂರು.

ಒಂದನೆಯದು, ಅವಳು ಕೇಳಿದಂತೆ ನಡೆಯುವುದು. ಒಪ್ಪಿದ ಕೂಡಲೇ ದೃಶ್ಯ ಶುರುವಾಗಿ, ಕಣ್ಣು ಬಿಟ್ಟಾಗ ಫಾರುಮ್ ಅಜುಲಾ ಎಂಬ ಮುಂದಿನ ಪ್ರದೇಶದಲ್ಲಿರುತ್ತೀರಿ. ಅಲ್ಲಿಂದ ನಕ್ಷೆಯ ಮೂಲಕ ಹಿಂದಿನ ಊರುಗಳಿಗೆ ಬರಬಹುದು, ಸಿಕ್ಕಿಹಾಕಿಕೊಳ್ಳುವ ಭಯ ಬೇಡ. ನಿಮ್ಮ ತಂಗುದಾಣ ರೌಂಡ್‌ಟೇಬಲ್ ಹೋಲ್ಡ್ ಹೊತ್ತಿ ಉರಿಯಲು ಶುರುವಾಗುತ್ತದೆ, ಆದರೂ ಅಲ್ಲಿನ ಕಮ್ಮಾರ ಹ್ಯೂಗ್ ಆಯುಧ ಹದಮಾಡಿಕೊಡುತ್ತಾನೆ. ರಾಜಧಾನಿ ಲೇಂಡೆಲ್ ಬೂದಿಯಾಗುವುದು ಈಗಲ್ಲ, ಮಾಲಿಕೆತ್ ಸತ್ತ ಮೇಲೆ. ಬೂದಿಯಾದ ಮೇಲೆ ಹಳೆಯ ಊರು ತಿರುಗಿ ಸಿಗುವುದಿಲ್ಲ. ಬೋಲ್ಟ್ ಆಫ್ ಗ್ರಾನ್‌ಸಾಕ್ಸ್ ಎಂಬ ಮಿಂಚಿನ ಈಟಿ ಬೇಕಿದ್ದರೆ ಅಷ್ಟರೊಳಗೆ ತಂದುಕೊಳ್ಳಿ, ಬಹಳ ಮಂದಿಗೆ ಕೈತಪ್ಪುವುದು ಅದೇ. ಈ ದಾರಿಯಲ್ಲಿ ನೀವು ಷರತ್ತು ಪೂರೈಸಿಕೊಂಡ ಅಂತ್ಯಗಳೆಲ್ಲ ತೆರೆದಿರುತ್ತವೆ. ರಾನಿಯ ಕೆಲಸ ಮುಗಿಸಿದ್ದರೆ ಅವಳ ಅಂತ್ಯವೂ ಸಿಗುತ್ತದೆ.

ಎರಡನೆಯದು, ಶಬ್ರಿರಿಯ ದಾರಿ. ಲೇಂಡೆಲ್‌ನ ಕೆಳಬೀದಿಯ ಬಾವಿಯೊಂದರ ಏಣಿಯಿಂದ ಇಳಿದರೆ ಸಬ್‌ಟೆರೇನಿಯನ್ ಶನ್ನಿಂಗ್-ಗ್ರೌಂಡ್ಸ್ ಎಂಬ ಕೊಳೆಗಾಲುವೆಯ ಜಾಲ. ಅದರ ತಳದಲ್ಲಿ ಮೋಗ್ ದ ಓಮನ್. ಅವನನ್ನು ಸೋಲಿಸಿದ ಕೋಣೆಯ ಪೀಠಕ್ಕೆ ಹೊಡೆದರೆ ಅದು ಮಾಯವಾಗಿ ಹಿಂದೆ ದಾರಿ ಕಾಣುತ್ತದೆ. ಅಲ್ಲಿಂದ ಕೆಳಕ್ಕೆ ಆಳದ ಗುಂಡಿ, ಸುತ್ತ ಅಲೆಮಾರಿ ವ್ಯಾಪಾರಿಗಳ ಹೆಣಗಳ ರಾಶಿ. ಚಾಚಿದ ಕಲ್ಲುಗಳ ಮೇಲೆ ಹಾರುತ್ತ ಇಳಿಯಬೇಕು. ತಪ್ಪಿ ಬಿದ್ದು ಸಾಯುವವರೇ ಹೆಚ್ಚು, ಹಾಗಾಗಿ ಇಳಿಯುವ ಮುಂಚೆ ರೂನ್‌ಗಳನ್ನು ಖರ್ಚು ಮಾಡಿಬಿಡಿ. ತಳದಲ್ಲಿ ಥ್ರೀ ಫಿಂಗರ್ಸ್ ಇರುವ ಬಾಗಿಲು ತೆರೆಯಲು ಶಿರಸ್ತ್ರಾಣದಿಂದ ಕಾಲಿನ ಕವಚದವರೆಗೆ ತೊಟ್ಟದ್ದೆಲ್ಲ ತೆಗೆಯಬೇಕು. ಒಂದು ಕೈಗವಸು ಉಳಿದರೂ ತೆರೆಯುವುದಿಲ್ಲ, ಜನ ಬಾಗಿಲ ಮುಂದೆ ಒದ್ದಾಡುವುದು ಇದಕ್ಕೇ.

ಆ ಹಾದಿಯ ಗ್ರೇಸ್ ಬಳಿ ಕೂತರೆ ಮೆಲಿನಾ ಬೇಡಿಕೊಳ್ಳುತ್ತಾಳೆ. ಈ ಬೆಂಕಿ ಮುಟ್ಟಬೇಡ, ಅದು ಬದುಕನ್ನೂ ಯೋಚನೆಯನ್ನೂ ನುಂಗುವ ಅರಾಜಕತೆ, ಲೋಕ ಎಷ್ಟೇ ಹಾಳಾದರೂ ಜೀವ ಮುಂದುವರಿಯುತ್ತದೆ, ಮಕ್ಕಳು ಹುಟ್ಟುತ್ತಾರೆ, ಅದರಲ್ಲಿ ಚೆಲುವಿಲ್ಲವೇ ಎಂದು. ಇಷ್ಟು ಹೇಳಿದ ಮೇಲೂ ನೀವು ಪಡೆದರೆ ಅವಳು ಒಪ್ಪಂದ ಮುಗಿಸಿ ಹೊರಡುತ್ತಾಳೆ. ಕುಲುಮೆಯಲ್ಲಿ ಸುಡುವವರು ನೀವು, ಅವಳಲ್ಲ. ಶಬ್ರಿರಿಯ ಅರ್ಧ ಸತ್ಯ ಇದು. ಅವನು ಹೇಳದ ಉಳಿದರ್ಧವೆಂದರೆ, ಈ ಬೆಂಕಿ ಆಟದ ಆರು ಅಂತ್ಯಗಳಲ್ಲಿ ಐದನ್ನು ಮುಚ್ಚಿ, ಲೋಕವೇ ಸುಟ್ಟುಹೋಗುವ ಒಂದನ್ನು ಮಾತ್ರ ಉಳಿಸುತ್ತದೆ. ಹೆಣ್ಣೊಬ್ಬಳನ್ನು ಉಳಿಸುವ ಹೆಸರಿನಲ್ಲಿ, ಅವಳು ಯಾವುದಕ್ಕಾಗಿ ಸಾಯಲು ಸಿದ್ಧಳಾಗಿದ್ದಳೋ ಅದನ್ನೇ ಸುಡುವುದು. ಇನ್ನೊಂದು: ಮೆಲಿನಾ ಕುಲುಮೆಯಲ್ಲಿ ಸುಟ್ಟ ನಂತರವೂ ಈ ಬೆಂಕಿ ಪಡೆಯಲು ಬರುತ್ತದೆ. ಆಗ ಎರಡೂ ನಷ್ಟ, ಅವಳೂ ಇಲ್ಲ, ಬೇರೆ ಅಂತ್ಯಗಳೂ ಇಲ್ಲ.

ಮೂರನೆಯದು ಸೂಜಿಯ ದಾರಿ. ಇದರ ಬಗ್ಗೆ ನೀವು ಕೇಳಿದ್ದರಲ್ಲಿ ಒಂದು ಮಾತು ನಿಜ, ಇನ್ನೊಂದು ಸುಳ್ಳು. ಮಿಕೆಲಾಸ್ ನೀಡಲ್ ಬಳಸಿದರೆ ಮುಚ್ಚಿದ ಅಂತ್ಯಗಳು ಮತ್ತೆ ತೆರೆಯುತ್ತವೆ, ಮೆಲಿನಾ ಸುಡದೆಯೇ ನೀವು ಎಲ್ಡನ್ ಲಾರ್ಡ್ (ಆ ಲೋಕದ ಪ್ರಭು) ಆಗಬಹುದು. ಆದರೆ ಅವಳು ಮರಳಿ ಬರುವುದಿಲ್ಲ. ಒಂದು ಮಾತು, ಒಂದು ದೃಶ್ಯವೂ ಇಲ್ಲ. ಸುಟ್ಟಿಲ್ಲ ಎಂಬ ಸಮಾಧಾನವಷ್ಟೇ ಉಳಿಯುತ್ತದೆ.

ಆ ಸಮಾಧಾನವೇ ಸಾಕು ಎನಿಸಿದರೆ ಕೆಲಸದ ಕ್ರಮ ಮುಖ್ಯ. ಸೂಜಿ ಕೈಗೆ ಬರುವ ತನಕ ಥ್ರೀ ಫಿಂಗರ್ಸ್ ಬಾಗಿಲು ಮುಟ್ಟಬೇಡಿ. ಮೊದಲು ಬೆಂಕಿ, ಆಮೇಲೆ ಸೂಜಿ ಎಂದು ಹೊರಟವರು, ಸೂಜಿ ಸಿಗಲು ಮುಗಿಸಬೇಕಾದ ಮಿಲಿಸೆಂಟ್ ಎಂಬವಳ ಕಥೆಯಲ್ಲಿ ಎಲ್ಲೋ ಎಡವಿದ್ದು ಗೊತ್ತಾದಾಗ ಹಿಂದೆ ಬರಲು ದಾರಿಯಿರುವುದಿಲ್ಲ.

ಕೇಲಿಡ್‌ನ ಏಯೋನಿಯಾ ಜೌಗಿನ ನಡುವೆ ಕಮಾಂಡರ್ ಓನೀಲ್‌ನನ್ನು ಸೋಲಿಸಿ ಮುರಿದ ಚಿನ್ನದ ಸೂಜಿ ತನ್ನಿ. ಸೆಲಿಯಾ ಊರಿನ ಹೊರಗಿನ ಗುಡಿಸಲಿನಲ್ಲಿರುವ ಗೌರಿ ಎಂಬ ಮುದುಕನಿಗೆ ಕೊಟ್ಟು, ಅವನು ಸರಿಮಾಡಿದ ಮೇಲೆ ಚರ್ಚ್ ಆಫ್ ದ ಪ್ಲೇಗ್‌ನಲ್ಲಿರುವ ಮಿಲಿಸೆಂಟಳಿಗೆ ಕೊಡಿ. ಶೇಡೆಡ್ ಕ್ಯಾಸಲ್‌ನಿಂದ ವಾಲ್ಕಿರೀಸ್ ಪ್ರಾಸ್ಥೆಸಿಸ್ ಎಂಬ ಕೃತಕ ಕೈ ತಂದು ಆಲ್ಟಸ್‌ನ ಎರ್ಡ್‌ಟ್ರೀ-ಗೇಜಿಂಗ್ ಹಿಲ್ ಬಳಿ ಅವಳಿಗೆ ಮುಟ್ಟಿಸಿ. ನಂತರ ಅವಳು ಗಾಳಿಗಿರಣಿಗಳ ಊರು ಡೊಮಿನುಲಾದಲ್ಲಿ, ಅಲ್ಲಿನ ಗಾಡ್‌ಸ್ಕಿನ್ ಅಪೋಸಲ್ ಸತ್ತ ಮೇಲೆ, ಹಿಮಬೆಟ್ಟದ ಏನ್ಶಿಯಂಟ್ ಸ್ನೋ ವ್ಯಾಲಿ ರೂಯಿನ್ಸ್‌ನಲ್ಲಿ, ಕೊನೆಗೆ ಎಲ್ಫೇಲ್‌ನ ಪ್ರೇಯರ್ ರೂಮ್ ಗ್ರೇಸ್ ಬಳಿ ಸಿಗುತ್ತಾಳೆ. ಪ್ರತಿಯೊಂದು ಕಡೆ ಅವಳ ಮಾತು ಪುನರಾವರ್ತನೆ ಆಗುವ ತನಕ ಮಾತಾಡಿಸಿ. ಎಲ್ಫೇಲ್ ಇರುವ ಹಾಲಿಗ್‌ಟ್ರೀಗೆ ಹೋಗಲು ರಹಸ್ಯ ಪದಕದ ಎರಡು ಹೋಳು ಬೇಕು. ಬಲಹೋಳು ಲಿಯುರ್ನಿಯಾದ ಆಲ್ಬಿನಾರಿಕ್ಸ್ ಹಳ್ಳಿಯಲ್ಲಿ ಮಡಕೆಯ ವೇಷದಲ್ಲಿ ಕೂತವನ ಹತ್ತಿರ, ಎಡಹೋಳು ಕ್ಯಾಸಲ್ ಸೋಲ್‌ನಲ್ಲಿ ಕಮಾಂಡರ್ ನೀಯಲ್ ಸತ್ತ ಮೇಲೆ. ಇಷ್ಟೂ ಕುಲುಮೆಗೆ ಒಪ್ಪುವ ಮುಂಚೆಯೇ ಆಗುವ ಕೆಲಸ.

ಪ್ರೇಯರ್ ರೂಮ್‌ನ ಕೆಳಗೆ ಕೊಳೆನೀರಿನಲ್ಲಿ ಒಂದು ಅಲ್ಸರೇಟೆಡ್ ಟ್ರೀ ಸ್ಪಿರಿಟ್ ಇದೆ. ಅದನ್ನು ಕೊಂದು, ಗ್ರೇಸ್ ಬಳಿ ಕೂತು ಮರಳಿದರೆ ನೆಲದ ಮೇಲೆ ಎರಡು ಗುರುತು ಕಾಣುತ್ತವೆ. ಚಿನ್ನದ ಬಣ್ಣದ್ದನ್ನು ಮುಟ್ಟಿದರೆ ಮಿಲಿಸೆಂಟಳ ಪರವಾಗಿ ಅವಳ ನಾಲ್ವರು ಅಕ್ಕತಂಗಿಯರ ವಿರುದ್ಧ ಹೋರಾಟ. ಕೆಂಪು ಮುಟ್ಟಿದರೆ ಅವಳ ಮೇಲೆಯೇ ದಾಳಿ, ಸೂಜಿ ಅಲ್ಲಿಗೆ ಮುಗಿಯಿತು. ಗೆದ್ದ ಮೇಲೆ ಅವಳನ್ನು ಮಾತಾಡಿಸಿ, ಒಮ್ಮೆ ಗ್ರೇಸ್‌ಗೆ ಹೋಗಿ ಬಂದು ಸೂಜಿ ಎತ್ತಿಕೊಳ್ಳಿ.

ಆಮೇಲೆ ಹಾಲಿಗ್‌ಟ್ರೀಯ ಕೊನೆಯ ಶತ್ರು ಮಲೇನಿಯಾ. ಅವಳ ಪ್ರತಿ ಏಟೂ, ನೀವು ಗುರಾಣಿ ಅಡ್ಡ ಹಿಡಿದಿದ್ದರೂ, ಅವಳ ಜೀವ ತುಂಬುತ್ತದೆ. ಆದ್ದರಿಂದ ಗುರಾಣಿ ಹಿಡಿದು ಕಾಯುವ ಆಟ ಇಲ್ಲಿ ನಡೆಯುವುದಿಲ್ಲ. 118ರಲ್ಲಿ ಅಸಾಧ್ಯವಲ್ಲ, ಆದರೆ ವಿಗರ್ (ಜೀವಬಲದ ಅಂಕ) 40ಕ್ಕಿಂತ ಕಡಿಮೆ ಇದ್ದರೆ ಮೊದಲು ಅದನ್ನು ಏರಿಸಿ, 60ರವರೆಗೆ ಹಾಕಿದ್ದು ವ್ಯರ್ಥವಲ್ಲ. ಅವಳು ಸತ್ತ ಜಾಗದಲ್ಲಿ ಉಳಿಯುವ ಕೆಂಪು ಹೂವನ್ನು ಮುಟ್ಟಿದಾಗ ಮಿಲಿಸೆಂಟಳ ಸೂಜಿಗೆ ಬದಲಾಗಿ ಮಿಕೆಲಾಸ್ ನೀಡಲ್ ಸಿಗುತ್ತದೆ. ಈಗ ಥ್ರೀ ಫಿಂಗರ್ಸ್, ನಂತರ ಕುಲುಮೆ, ನಂತರ ಫಾರುಮ್ ಅಜುಲಾ. ಅಲ್ಲಿ ಬಿಸೈಡ್ ದ ಗ್ರೇಟ್ ಬ್ರಿಡ್ಜ್ ಗ್ರೇಸ್‌ನಿಂದ ಹಿಂದಕ್ಕೆ ಬಂದು, ಗಾಳಿಯಲ್ಲಿ ತೇಲುವ ಒಡಕು ಕಲ್ಲುಗಳ ಮೇಲೆ ಹಾರಿ ಇಳಿದರೆ ಮಲಗಬಹುದಾದ ಒಂದು ಜಾಗವಿದೆ. ಅಲ್ಲಿ ಮಲಗಿದರೆ ಡ್ರ್ಯಾಗನ್‌ಲಾರ್ಡ್ ಪ್ಲಾಸಿಡುಸಾಕ್ಸ್. ಅವನನ್ನು ಸೋಲಿಸಿ, ಅದೇ ಅಂಗಳದಲ್ಲಿ ನಿಂತು ಸೂಜಿ ಬಳಸಿ. ಬೇರೆಲ್ಲೂ ಅದು ಕೆಲಸ ಮಾಡುವುದಿಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ಮೊದಲ ಸಲ ಆಡುತ್ತಿರುವ ನಿಮಗೆ ಒಂದನೆಯ ದಾರಿಯೇ ಸರಿ. ಅವಳು ಕೇಳಿದ್ದು ಅದನ್ನೇ. ತಂಗಿಗೆ ಒಪ್ಪಿಗೆಯಾಗದಿದ್ದರೆ ಸೂಜಿಯ ದಾರಿ ಹಿಡಿಯಿರಿ, ಆದರೆ ಮೆಲಿನಾ ಹಿಂದೆ ಬರುವುದಿಲ್ಲ ಎಂಬುದನ್ನು ಮೊದಲೇ ಅವಳಿಗೆ ಹೇಳಿಬಿಡಿ. ಎರಡನ್ನೂ ನೋಡುವ ಆಸೆಯಿದ್ದರೆ ಕುಲುಮೆಯ ಮುಂದೆ ಸೇವ್‌ನ ಪ್ರತಿ ತೆಗೆದಿಟ್ಟುಕೊಳ್ಳಿ. ಕರೆಂಟಿನ ತೊಂದರೆಗೂ ಇದೇ ಮದ್ದು.

ಆಟವನ್ನು ಪೂರ್ತಿ ಮುಚ್ಚಿ. ವಿಂಡೋಸ್ ಕೀ ಜೊತೆ ಆರ್ ಒತ್ತಿ, ಬರುವ ಪೆಟ್ಟಿಗೆಯಲ್ಲಿ ಆಪ್‌ಡೇಟಾ ಪದವನ್ನು ಎರಡು ಶೇಕಡಾ ಚಿಹ್ನೆಗಳ ನಡುವೆ ಇಂಗ್ಲಿಷಿನಲ್ಲಿ ಟೈಪ್ ಮಾಡಿ ಎಂಟರ್ ಒತ್ತಿ. ತೆರೆಯುವ ಫೋಲ್ಡರಿನಲ್ಲಿ ಎಲ್ಡನ್‌ರಿಂಗ್, ಅದರೊಳಗೆ 17 ಅಂಕಿಯ ಸಂಖ್ಯೆಯ ಹೆಸರಿನ ಫೋಲ್ಡರ್ ಇರುತ್ತದೆ. ಆ ಫೋಲ್ಡರನ್ನೇ ಪೆನ್‌ಡ್ರೈವ್‌ಗೆ ಕಾಪಿ ಮಾಡಿ, ತಾರೀಕು ಬರೆದಿಡಿ. ಒಳಗೆ ಎಸ್‌ಎಲ್2 ಎಂದು ಕೊನೆಯಾಗುವ ಫೈಲ್ ನಿಮ್ಮ ಸೇವ್, ಬಿಎಕೆ ಎಂದು ಕೊನೆಯಾಗುವುದು ಆಟವೇ ಇಟ್ಟುಕೊಳ್ಳುವ ಹಿಂದಿನ ಪ್ರತಿ. ಕರೆಂಟ್ ಹೋಗಿ ಸೇವ್ ಕೆಟ್ಟಿದೆ ಎಂದು ತೋರಿಸಿದರೆ ಹೊಸ ಆಟ ಶುರುಮಾಡಬೇಡಿ. ಕೆಟ್ಟ ಫೈಲನ್ನು ಬೇರೆಡೆ ಸರಿಸಿ, ಬಿಎಕೆ ಫೈಲಿನ ಹೆಸರಿನಿಂದ ಆ ಬಾಲ ತೆಗೆದರೆ ಬಹುತೇಕ ಸಲ ಆಟ ತೆರೆಯುತ್ತದೆ. ನೆಟ್‌ವರ್ಕ್ ಮರಳಿದಾಗ ಆಟ ನಡೆಸುವ ಸ್ಟೀಮ್ ತಂತ್ರಾಂಶ ಯಾವ ಪ್ರತಿ ಇಟ್ಟುಕೊಳ್ಳಲಿ ಎಂದು ಕೇಳಿದರೆ ದಿನಾಂಕ, ಸಮಯ ನೋಡಿಯೇ ಒತ್ತಿ, ಅವಸರದಲ್ಲಿ ಹಳೆಯದನ್ನು ಒತ್ತಿದರೆ ಹೊಸದು ಅಳಿಸಿಹೋಗುತ್ತದೆ. ಸೇವ್ ಫೈಲಿನೊಳಗಿನ ಅಂಕಿಗಳನ್ನು ತಿದ್ದುವ ಸಾಫ್ಟ್‌ವೇರ್‌ಗಳ ಹತ್ತಿರ ಮಾತ್ರ ಹೋಗಬೇಡಿ, ಆನ್‌ಲೈನ್ ಆಟದಿಂದ ನಿಷೇಧವಾಗುವ ಅಪಾಯವಿದೆ.

ಕರೆಂಟ್ ಹೋದಾಗ ಕಂಪ್ಯೂಟರ್ ಆರದಂತೆ ಯುಪಿಎಸ್ ಕೊಳ್ಳುವುದಾದರೆ ಒಂದು ಮಾತು: 600 ವಿಎ ಯುಪಿಎಸ್ ಕೊಡುವುದು ಸುಮಾರು 360 ವಾಟ್. ಗ್ರಾಫಿಕ್ಸ್ ಕಾರ್ಡ್ ಪೂರ್ತಿ ದುಡಿಯುವಾಗ ಅದು ತಡೆಯದೆ ಕಂಪ್ಯೂಟರನ್ನೇ ಆಫ್ ಮಾಡಬಹುದು, 1000 ವಿಎ ಆಸುಪಾಸಿನದು ಸುರಕ್ಷಿತ. ಮನೆಯ ಇನ್ವರ್ಟರ್ ಮೇಲೆಯೇ ಆಡುತ್ತಿದ್ದರೆ ಅದರಲ್ಲಿ ಯುಪಿಎಸ್ ಮೋಡಿನ ಸ್ವಿಚ್ ಇದೆಯೇ ನೋಡಿ, ಸಾಮಾನ್ಯ ಮೋಡಿನಲ್ಲಿ ಬದಲಾವಣೆ ನಿಧಾನವಾಗಿ ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತದೆ. ಗುಡುಗು ಕೇಳಿದರೆ ಆಟ ಬಿಟ್ಟು ಹೊರಬಂದು, ಪ್ಲಗ್ಗಿನ ಜೊತೆ ಇಂಟರ್ನೆಟ್ಟಿನ ಕೇಬಲ್ಲನ್ನೂ ಕಿತ್ತಿಡಿ.